ಉಸಿರಿನ ಯಂತ್ರಕ್ಕೆ ಶೇಂಗಾ ಎಣ್ಣೆ

ನನ್ನ ಮೊಮ್ಮಗಳ ಉಸಿರಿನ ಯಂತ್ರಕ್ಕೆ ನಾನು ಶೇಂಗಾ ಎಣ್ಣೆ ಹಚ್ಚಿದ್ದು ನಿಜ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಈ ಸುದ್ದಿಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ನಾನು ಅದರಲ್ಲಿ ಭಜಿ ಕರಿದೆ ಅನ್ನುವವರೆಗೂ ಒಬ್ಬಳು ಹೋಗಿದ್ದಾಳೆ. ಅದಕ್ಕೇ ಆದದ್ದನ್ನು ನಾನೇ ಬರೆದಿಡುತ್ತೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಕೈ ಇದು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಈ ಮೊಮ್ಮಗಳು ಅಡರಕಟ್ಟಿಯಲ್ಲಿರುವ ನನ್ನ ಮಗಳ ಮಗಳು. ಅಲ್ಲಿ ಅವರ ಹೊಲದ ಬಾವಿಯಲ್ಲಿ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಈಜು ಕಲಿತಳು. ಡಬ್ಬಿ ಬಿಚ್ಚಿದ ಮೇಲೆ ಬಾವಿಯ ತಳ ಮುಟ್ಟಿ ಕೆಸರು ಹಿಡಿದುಕೊಂಡು ಬರುವುದೇ ಕೆಲಸವಾಯಿತು. ಕಾಲೇಜಿಗೆ ನನ್ನ ಮನೆಯಲ್ಲಿ ಇದ್ದಳು. ಈಗ ಮುರುಡೇಶ್ವರದ ಕಡೆ ಸಮುದ್ರದಲ್ಲಿ ಪ್ರವಾಸಿಗರನ್ನು ನೀರಿನ ಕೆಳಗೆ ಕರೆದುಕೊಂಡು ಹೋಗಿ ಮೀನು ತೋರಿಸುವ ಒಂದು ಕಡೆ ಕೆಲಸ ಮಾಡುತ್ತಾಳೆ. ಮೊದಲು ಕೇಳಿದಾಗ ನಾನು, ಮೀನು ನೋಡಬೇಕಾದರೆ ಸಂತೆಯಲ್ಲಿ ನೋಡಬಹುದಲ್ಲ ಅಂದಿದ್ದೆ. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮಳೆಗಾಲದಲ್ಲಿ ಸಮುದ್ರ ಕೆರಳಿರುತ್ತದೆ, ಅವರ ಕೆಲಸ ನಿಲ್ಲುತ್ತದೆ. ಆಗ ಅವಳು ನನ್ನ ಮನೆಗೆ ಬಂದು ಇರುತ್ತಾಳೆ. ಈ ಸಲ ಬಂದಾಗ ಅವಳ ಯಂತ್ರ ಜೊತೆಗಿರಲಿಲ್ಲ. ಅದನ್ನು ಕೊರಿಯರಿನಲ್ಲಿ ಚೆನ್ನೈಗೆ ಕಳಿಸಿದ್ದಳು. ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಒಳಗಿನ ರಬ್ಬರು ಬದಲಿಸಬೇಕಂತೆ. ದಸರೆಗೆ ಒಂದು ವಾರ ಇರುವಾಗ ಅದು ನಮ್ಮ ಮನೆಯ ವಿಳಾಸಕ್ಕೆ ವಾಪಸು ಬಂತು.

ಪೆಟ್ಟಿಗೆ ಬಿಚ್ಚಿ ತೋರಿಸಿದಳು. ಸಿಲಿಂಡರಿನ ತಲೆಯ ಮೇಲೆ ಕೂರುವ ಒಂದು ದಪ್ಪ ಲೋಹದ ತುಂಡು. ಅದರಿಂದ ಹೊರಟ ಕಪ್ಪು ಪೈಪುಗಳು. ಒಂದು ಪೈಪಿನ ತುದಿಗೆ ಬಾಯಲ್ಲಿ ಕಚ್ಚಿಕೊಳ್ಳುವ, ಅಂಗೈ ಅಗಲದ ಇನ್ನೊಂದು ತುಂಡು. ಸಿಲಿಂಡರಿನಲ್ಲಿ ಗಾಳಿ ಬಿಗಿದು ತುಂಬಿರುತ್ತದೆ. ಈ ಯಂತ್ರ ಅದನ್ನು ತಡೆದು, ನಾವು ಎಳೆದಾಗ ಎಳೆದಷ್ಟೇ ಬಾಯಿಗೆ ಬಿಡುತ್ತದೆ. ಗ್ಯಾಸಿನ ರೆಗ್ಯುಲೇಟರ್ ಇದ್ದ ಹಾಗೆ, ಇದರ ಹೆಸರೂ ಅದೇ.

"ಇಷ್ಟಕ್ಕ ಚೆನ್ನೈತನಕ ಯಾಕ ಕಳಿಸಿದಿ?" ಅಂದೆ. "ಬೆಟಗೇರ್ಯಾಗ ಮಾಡ್ತಿದ್ರಲ್ಲ."

"ಅಜ್ಜಿ, ಇದು ಸ್ಟೋವ್ ಅಲ್ಲ."

"ಸ್ಟೋವಿನಾಗೂ ಗಾಳೀನ ಇರ್ತೈತಿ."

"ಸ್ಟೋವ್ ಬಂದ್ ಬಿದ್ರ ರೊಟ್ಟಿ ತಪ್ಪತೈತಿ. ಇದು ಬಂದ್ ಬಿದ್ರ ನಿನ್ನ ಮೊಮ್ಮಗಳು ತಪ್ಪತಾಳ."

ಬಾಯಿ ಮಾತ್ರ ನನ್ನ ಕಡೆಯಿಂದ ಬಂದದ್ದು, ಅದರಲ್ಲಿ ಸಂಶಯವಿಲ್ಲ.

ನಾನು ಮೂವತ್ತು ವರ್ಷ ಕಡಕ್ ರೊಟ್ಟಿ ಬಡಿದು ಮಾರಿದವಳು. ಮೊದಲು ಪಂಪಿನ ಸ್ಟೋವುಗಳು, ಆಮೇಲೆ ಗ್ಯಾಸಿನ ಒಲೆಗಳು. ಯಾವುದು ಕೆಟ್ಟರೂ ಹೊತ್ತುಕೊಂಡು ಬಸ್ಸು ಹತ್ತಿ ಬೆಟಗೇರಿಗೆ ಹೋಗುತ್ತಿದ್ದೆ. ಅಲ್ಲಿ ಮಗ್ಗದ ಸಪ್ಪಳ ಕೇಳುವ ಒಂದು ಓಣಿಯಲ್ಲಿ ಒಬ್ಬ ರಿಪೇರಿಯವನಿದ್ದಾನೆ. ಅವನ ಎದುರು ಸ್ಟೂಲಿನ ಮೇಲೆ ಕುಳಿತು, ಬಿಚ್ಚಿದ ಪ್ರತಿ ಸ್ಕ್ರೂ ಎಲ್ಲಿಟ್ಟ ಅಂತ ನೋಡುತ್ತ, ಮಾಡಿಸಿಕೊಂಡು ಬರುವವಳು ನಾನು. ಬಿಟ್ಟು ಹೋಗ್ರಿ, ನಾಳೆ ಬರ್ರಿ ಅಂದರೆ ನಾನು ಏಳುತ್ತಿರಲಿಲ್ಲ. ಕಣ್ಣೆದುರು ಆಗದ ಕೆಲಸವನ್ನು ನಾನು ನಂಬುವುದಿಲ್ಲ. ಮುಖ ನೋಡದವನ ಕೈಗೆ, ಡಬ್ಬಿಯಲ್ಲಿ ಹಾಕಿ, ಉಸಿರಾಡುವ ವಸ್ತು ಕಳಿಸುವುದು ನನಗೆ ತಿಳಿಯದ ಮಾತಾಗಿತ್ತು.

ಪಂಪಿನ ಸ್ಟೋವಿನ ಇನ್ನೊಂದು ವಿಷಯ ಹೇಳಬೇಕು, ಯಾಕೆಂದರೆ ತಪ್ಪು ಅಲ್ಲಿಂದಲೇ ಹುಟ್ಟಿತು. ಅದರ ಪಂಪಿನಲ್ಲಿ ಚರ್ಮದ ಒಂದು ವಾಷರು ಇರುತ್ತದೆ. ಅದು ಒಣಗಿದರೆ ಗಾಳಿ ನಿಲ್ಲುವುದಿಲ್ಲ. ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿದರೆ ಉಬ್ಬಿ ಮೆತ್ತಗಾಗಿ ಹೊಸದರಂತೆ ಕೆಲಸ ಮಾಡುತ್ತದೆ. ಮೂವತ್ತು ವರ್ಷ ಈ ಉಪಾಯ ಒಂದು ಸಲವೂ ಕೈಕೊಟ್ಟಿರಲಿಲ್ಲ.

ಮಹಾನವಮಿಯ ದಿನ ಖಂಡೇ ಪೂಜೆ. ಮನೆಯಲ್ಲಿ ದುಡಿಯುವ ಸಾಮಾನೆಲ್ಲ ತೊಳೆದು, ಕಂಬಳಿಯ ಮೇಲೆ ಸಾಲಾಗಿ ಇಟ್ಟು ಪೂಜೆ ಮಾಡುತ್ತೇವೆ. ಆ ದಿನ ಅವಕ್ಕೆ ವಿಶ್ರಾಂತಿ, ಮಾರನೇ ದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ಕುಡಗೋಲು, ಈಳಿಗೆ, ನನ್ನ ರೊಟ್ಟಿ ಹಂಚು, ಮಗನ ಸ್ಕೂಟರಿನ ಸ್ಪ್ಯಾನರುಗಳು, ಎಲ್ಲ ಇಟ್ಟೆ. ಮೊಮ್ಮಗಳು ಹಣ್ಣು, ಕಾಯಿ ತರಲು ಪೇಟೆಗೆ ಹೋಗಿದ್ದಳು. ಅವಳ ಅನ್ನ ಹುಟ್ಟುವ ಸಾಮಾನು ಮಾತ್ರ ಕಪಾಟಿನಲ್ಲಿ ಇರುವುದು ನನಗೆ ಸರಿಕಾಣಲಿಲ್ಲ. ಪ್ಲಾಸ್ಟಿಕ್ ಹರಿದು ತೆಗೆದೆ. ಕಂಬಳಿಯ ನಡುವೆ ಇಟ್ಟೆ. ಮುಟ್ಟಿ ನೋಡಿದರೆ ಬಾಯಿಯ ರಬ್ಬರು ಒಣಒಣ ಅನ್ನಿಸಿತು. ಚೆನ್ನೈಯವರು ಎಣ್ಣೆ ಕಾಣಿಸದೆ ಕಳಿಸಿದ್ದಾರೆ ಅಂತ ಬೈದುಕೊಂಡೆ. ಶೇಂಗಾ ಎಣ್ಣೆ ತಂದು ರಬ್ಬರಿಗೆ, ಪೈಪಿನ ಸಂದಿಗೆ, ಲೋಹದ ತೂತಿಗೆ, ಎಲ್ಲ ಕಡೆ ಕೈತುಂಬ ಹಚ್ಚಿದೆ. ಅದರ ಮೇಲೆ ವಿಭೂತಿ, ಕುಂಕುಮ. ಬಾಯಿಗೆ ಇಡುವ ತುಂಡಿನಲ್ಲಿ ಅಡಿಕೆ ಇಡಲು ಜಾಗ ಚೆನ್ನಾಗಿತ್ತು, ಇಟ್ಟೆ.

ಹುಡುಗಿ ಬಂದು ಕೈಮುಗಿದಳು. ಕಂಬಳಿಯ ಮೇಲೆ ಚೆಂಡುಹೂವು ಅಷ್ಟು ಸುರಿದಿದ್ದೆ, ಒಳಗೆ ಏನಿದೆ ಅಂತ ಕಾಣುವಂತಿರಲಿಲ್ಲ. ಒಂದು ಹಗಲು, ಒಂದು ರಾತ್ರಿ ಎಣ್ಣೆ ಒಳಗೆ ಇಳಿಯಲು ಬೇಕಾದಷ್ಟು ಸಮಯ ಸಿಕ್ಕಿತು.

ಮಾರನೇ ದಿನ ಹೂವು ತೆಗೆಯುತ್ತ ಅವಳು ಅದನ್ನು ಎತ್ತಿಕೊಂಡಳು. ಅಡಿಕೆ ಕೆಳಗೆ ಬಿತ್ತು. ಮೂಸಿ ನೋಡಿದಳು. ನನ್ನ ಕಡೆ ತಿರುಗಿದಳು.

"ಇದಕ್ಕ ಎಣ್ಣಿ ಹಚ್ಚೀಯೇನು?"

"ಹಚ್ಚೇನಿ. ಒಣಗಿತ್ತು."

"ಒಳಗೂ?"

"ಒಳಗ ಹಚ್ಚದಿದ್ರ ಹಚ್ಚಿದ್ದು ಏನ ಉಪಯೋಗ?"

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಸುಮ್ಮನೆ ಕಟ್ಟೆಯ ಮೇಲೆ ಕುಳಿತು ಹೇಳಿದಳು. ಈ ಯಂತ್ರಕ್ಕೆ ಅಡುಗೆ ಎಣ್ಣೆಯ ಹನಿಯೂ ತಾಗಬಾರದು. ಎಣ್ಣೆ ಗಾಳಿಯ ಜೊತೆ ಪುಪ್ಪುಸಕ್ಕೆ ಹೋಗುತ್ತದೆ, ರಬ್ಬರು ಉಬ್ಬಿ ಹಾಳಾಗುತ್ತದೆ. ಕುಂಕುಮದ ಒಂದು ಕಣ ಕವಾಟದಲ್ಲಿ ಸಿಕ್ಕಿಕೊಂಡರೆ ನೀರಿನ ಕೆಳಗೆ ಗಾಳಿ ನಿಲ್ಲದೆ ಸುರಿಯಬಹುದು. ಮತ್ತು ಮುಂದಿನ ಶನಿವಾರ ಅವಳ ಪರೀಕ್ಷೆ. ಇಲ್ಲಿಯತನಕ ಅವಳು ಇನ್ನೊಬ್ಬರ ಹಿಂದೆ ಹೋಗುವ ಸಹಾಯಕಿ. ಪಾಸಾದರೆ ತಾನೇ ಮುಂದೆ ನಿಂತು ಜನರನ್ನು ಕರೆದೊಯ್ಯಬಹುದು. ಪರೀಕ್ಷೆಗೆ ಸ್ವಂತ ಯಂತ್ರ ಬೇಕು, ಅದಕ್ಕೆ ಸರ್ವಿಸ್ ಆದ ಚೀಟಿ ಬೇಕು. ಪರೀಕ್ಷೆ ತೆಗೆದುಕೊಳ್ಳುವವರು ವರ್ಷಕ್ಕೆ ಒಮ್ಮೆ ಬರುತ್ತಾರೆ.

"ಮತ್ತ ಬರೋ ವರ್ಷ ಕೊಡು" ಅನ್ನುವ ಮಾತು ಬಾಯಿಗೆ ಬಂದಿತ್ತು. ನುಂಗಿದೆ. ನುಂಗಿದ ಮಾತುಗಳು ನನ್ನ ಜೀವನದಲ್ಲಿ ಕಡಿಮೆ, ಅದರಲ್ಲಿ ಇದೊಂದು.

ಬನ್ನಿ ಹಬ್ಬದ ದಿನ ಯಾವ ಅಂಗಡಿಯೂ ಇರಲಿಲ್ಲ. ಶುಕ್ರವಾರ ಮುಂಜಾನೆ ಯಂತ್ರವನ್ನು ಒಗೆದ ಪಂಚೆಯಲ್ಲಿ ಸುತ್ತಿಕೊಂಡು, ಹುಡುಗಿಯನ್ನು ಜೊತೆಗೆ ಹಾಕಿಕೊಂಡು ಬೆಟಗೇರಿಗೆ ಹೋದೆ. ಅವಳು ದಾರಿಯುದ್ದಕ್ಕೂ, "ಅಲ್ಲಿ ಆಗಂಗಿಲ್ಲ ಅಜ್ಜಿ" ಅಂದಳು. ಆ ರಿಪೇರಿಯವನು ಗದುಗಿನ ದವಾಖಾನೆಗಳ ಆಕ್ಸಿಜನ್ ಸಿಲಿಂಡರಿನ ಮೀಟರು ಸಹ ರಿಪೇರಿ ಮಾಡುತ್ತಾನೆ, ಉಸಿರಿನ ಕೆಲಸ ಗೊತ್ತಿದ್ದವನು ಅಂತ ನಾನು ವಾದ ಮಾಡಿದೆ.

ಅಂಗಡಿ ಮುಟ್ಟಿದಾಗ ಅವನು, "ಬರ್ರಿ ಅವ್ವಾರ, ಕುಂಡ್ರಿ" ಅಂದ. ಬನ್ನಿ ಎಲೆ ಕೊಟ್ಟೆ. ಅವನೂ ಕೊಟ್ಟು ಕಾಲು ಮುಟ್ಟಿದ. ನಾನು ನನ್ನ ಸ್ಟೂಲಿನ ಮೇಲೆ ಕುಳಿತು ಪಂಚೆ ಬಿಚ್ಚಿದೆ. ಅವನು ಕೈ ಮುಂದೆ ಚಾಚಿದವನು, ವಾಸನೆ ಬಂದ ಕೂಡಲೇ ಹಿಂದೆ ತೆಗೆದುಕೊಂಡ.

"ಎಣ್ಣಿ ಹಚ್ಚೀರಿ?"

"ಖಂಡೇ ಪೂಜಿಗೆ ಹಚ್ಚಿದೆ."

"ಅವ್ವಾರ, ಆ ಮೂಲಿ ನೋಡ್ರಿ." ಅಂಗಡಿಯ ಒಂದು ಮೂಲೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು ಇತ್ತು. "ಅದು ದವಾಖಾನಿ ಕೆಲಸದ ಮೇಜು. ಅಲ್ಲಿ ನಾ ಎಣ್ಣಿ ಡಬ್ಬಿ ಒಯ್ಯಂಗಿಲ್ಲ. ಎಣ್ಣಿ ಹತ್ತಿದ ಕೈಲೇ ಆಕ್ಸಿಜನ್ ಮುಟ್ಟಿದ್ರ ಬೆಂಕಿ ಹತ್ತತೈತಿ. ನೀವು ಮೂವತ್ತು ವರ್ಷ ಇಲ್ಲೇ ಕುಂತು ನೋಡೀರಿ. ಏನ ನೋಡಿದ್ರಿ?"

"ನಾ ನನ್ನ ಸ್ಟೋವ್ ನೋಡ್ತಿದ್ದೆ."

ಹುಡುಗಿ ಮುಖ ಆ ಕಡೆ ತಿರುಗಿಸಿ ನಕ್ಕಳು. ಎರಡು ದಿನದಲ್ಲಿ ಮೊದಲ ನಗೆ. ನಾನು ಬೈಸಿಕೊಳ್ಳುವುದನ್ನು ಅವಳು ಎಂದೂ ನೋಡಿರಲಿಲ್ಲ.

ಅವನು ಕೈ ತೊಳೆದುಕೊಂಡು ಬಂದು, ಯಂತ್ರವನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿದ. ನಾನು ಕಾದೆ. ಸ್ಕ್ರೂಡ್ರೈವರ್ ಎತ್ತುತ್ತಾನೆ ಅಂದುಕೊಂಡೆ. ಅವನು ಯಂತ್ರವನ್ನು ವಾಪಸು ಪಂಚೆಯಲ್ಲಿ ಇಟ್ಟ.

"ಬಿಚ್ಚಾಕ ಬರತೈತಿ. ತೊಳ್ಯಾಕ ಬರತೈತಿ. ಆದ್ರ ಇದರ ರಬ್ಬರು ನನ್ ಕಡೆ ಇಲ್ಲ, ಎಷ್ಟು ಬಿಗಿ ಮಾಡಬೇಕು ಅನ್ನೋ ಲೆಕ್ಕ ನನಗ ಗೊತ್ತಿಲ್ಲ. ಅಂದಾಜಿನ ಮ್ಯಾಲ ಒಲಿ ಹತ್ತಿಸಬಹುದು. ಈ ಹುಡುಗೀನ ಸಮುದ್ರಾಗ ಇಳಸಾಕ ಆಗಂಗಿಲ್ಲ. ಚೆನ್ನೈಗೆ ಕಳಸ್ರಿ."

"ತಮ್ಮಾ, ಟೈಮ್ ಇಲ್ಲ."

"ಫೋನ್ ಮಾಡ್ರಿ. ಏನ್ ಎಣ್ಣಿ, ಎಷ್ಟು ಎಣ್ಣಿ, ಯಾವಾಗ, ಎಲ್ಲಾ ಖರೆ ಹೇಳ್ರಿ. ಡಾಕ್ಟರ್ ಮುಂದ ಹೇಳಿದಂಗ ಹೇಳ್ರಿ."

ಅಲ್ಲಿಯೇ ಫೋನು ಹಚ್ಚಿದೆವು. ಹುಡುಗಿ ಹೇಳತೊಡಗಿದ್ದು, ಸ್ವಲ್ಪ ಕೊಳೆ ಆಗಿದೆ, ಇನ್ನೊಮ್ಮೆ ನೋಡಿ ಅಂತ. ನನ್ನ ಮಾನ ಉಳಿಸಲು ನೋಡಿದಳು. ನಾನು ಫೋನು ಕಸಿದುಕೊಂಡೆ. ಆ ಕಡೆ ಒಬ್ಬ ಹೆಣ್ಣುಮಗಳು. ಯಂತ್ರ ಬಿಚ್ಚುವವಳು ತಾನೇ ಅಂದಾಗ ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಬೆಂಗಳೂರಿನಲ್ಲಿ ಬೆಳೆದವಳಂತೆ, ಆ ಕಡೆಯ ಕನ್ನಡ.

"ಹೇಳಿ ಅಜ್ಜಿ, ಏನಾಯ್ತು?"

"ಯವ್ವಾ, ನಾ ಇದಕ್ಕ ಶೇಂಗಾ ಎಣ್ಣಿ ಹಚ್ಚಿ ಪೂಜಿ ಮಾಡೇನಿ. ವಿಭೂತಿ, ಕುಂಕುಮ ಹಚ್ಚೇನಿ. ಅಡಿಕಿ ಇಟ್ಟಿದ್ದೆ, ಅದನ್ನ ತಗದೇವಿ."

ಆ ಕಡೆ ಒಂದು ಕೆಮ್ಮು ಬಂತು. ನಗುವುದನ್ನು ತಡೆದುಕೊಳ್ಳುತ್ತಿದ್ದಾಳೆ ಅಂತ ತಿಳಿಯಿತು.

"ನಗು ಯವ್ವಾ, ತಡ್ಕೋಬ್ಯಾಡ."

ಆಗ ಅವಳು ನಕ್ಕ ನಗೆ ಬೆಟಗೇರಿಯ ಅಂಗಡಿ ತುಂಬ ಕೇಳಿತು. "ನಾವೂ ಮೊನ್ನೆ ಆಯುಧ ಪೂಜೆ ಮಾಡಿದ್ವಿ ಅಜ್ಜಿ. ಕುಂಕುಮ ಮೇಜಿನ ಕಾಲಿಗೆ ಇಡ್ತೀವಿ, ಯಂತ್ರಕ್ಕಲ್ಲ. ಸೋಮವಾರ ನನ್ನ ಕೈಗೆ ಬಂದ್ರೆ ಮಂಗಳವಾರ ಬೆಳಗ್ಗೆ ಮೊದಲು ಇದನ್ನೇ ತಗೋತೀನಿ. ನಿಜ ಹೇಳಿದ್ರಲ್ಲ, ಅದಕ್ಕೆ. ಕೊಳೆ ಅಂತ ಹೇಳಿದ್ರೆ ಸರತಿಯಲ್ಲಿ ಇಡ್ತಿದ್ದೆ."

"ನನ್ನ ಮುಂದ ಮಾಡಬೇಕು" ಅಂದೆ.

"ಅಜ್ಜಿ" ಅಂತ ಹುಡುಗಿ ಸೀರೆ ಜಗ್ಗಿದಳು.

"ಚೆನ್ನೈಗೆ ಬರ್ತೀರಾ?"

"ನಾ ಯಾಕ ಬರ್ಲಿ, ಫೋನಿನಾಗ ಮಾರಿ ಕಾಣ್ತೈತಲ್ಲ. ಅದನ್ನ ಹಚ್ಚು."

ಅವಳು ಒಪ್ಪಿದಳು. ಇನ್ನೂ ನಗುತ್ತಲೇ ಇದ್ದಳು, ಆದರೆ ಒಪ್ಪಿದಳು.

ರಿಪೇರಿಯವನು ಯಂತ್ರಕ್ಕೆ ಹೊಸ ಪ್ಲಾಸ್ಟಿಕ್ ಸುತ್ತಿ, ಅಲುಗಾಡದಂತೆ ಸುತ್ತಲೂ ಬಟ್ಟೆ ತುರುಕಿ, ರಟ್ಟಿನ ಡಬ್ಬಿ ಕಟ್ಟಿದ. ಡಬ್ಬಿಯ ಒಳಗೆ ಹಾಕಲು ನಾನೇ ಕುಳಿತು ಒಂದು ಚೀಟಿ ಬರೆದೆ. "ಇದಕ್ಕ ಶೇಂಗಾ ಎಣ್ಣಿ ವಿಭೂತಿ ಕುಂಕುಮ ಹತ್ತೈತಿ. ತಪ್ಪು ಮುದುಕಿದು. ಹುಡುಗೀದಲ್ಲ. ಪೂರಾ ತೊಳೀರಿ." ಹುಡುಗಿ ಅದನ್ನು ಓದಿ, ಮಡಚಿ ಒಳಗೆ ಹಾಕಿದಳು. ಗದುಗಿನಲ್ಲಿ ಕೊರಿಯರಿಗೆ ಕೊಟ್ಟೆವು. ಕೌಂಟರಿನವನು ಡಬ್ಬಿಯನ್ನು ಗುಡ್ಡೆಯ ಮೇಲೆ ಎಸೆಯಲು ಕೈ ಎತ್ತಿದ. ನಾನು ಅವನ ಕೈ ಹಿಡಿದು ಕೆಳಗಿಳಿಸಿದೆ. ಮುಂದೆ ದಾರಿಯಲ್ಲಿ ಎಷ್ಟು ಜನ ಎಸೆದರೋ, ಅವರ ಕೈ ಹಿಡಿಯಲು ನಾನಿರಲಿಲ್ಲ. ಕೊರಿಯರಿನ ಮೇಲೆ ನನ್ನ ಸಿಟ್ಟು ಇಂದಿಗೂ ಅದೇ.

ಮಂಗಳವಾರ ಹತ್ತು ಗಂಟೆಗೆ ಫೋನು ಬಂತು. ಅಡುಗೆಮನೆಯಲ್ಲಿ ಜೋಳದ ಡಬ್ಬಿಗೆ ಆನಿಸಿ ನಿಲ್ಲಿಸಿ, ಎದುರಿಗೆ ಮಣೆ ಹಾಕಿಕೊಂಡು ಕುಳಿತೆ. ಹುಡುಗಿ ನನ್ನ ಹಿಂದೆ. ಪರದೆಯಲ್ಲಿ ಎರಡು ಕೈ, ನೀಲಿ ಕೈಗವಸು, ಬಿಳಿ ಮೇಜು. ಬೆಟಗೇರಿಯ ಮೂಲೆಯ ಮೇಜಿನಂತೆಯೇ. ಅದನ್ನು ನೋಡಿ ನನ್ನ ಮನಸ್ಸಿಗೆ ಅರ್ಧ ಸಮಾಧಾನವಾಯಿತು.

ಬಿಚ್ಚಿದಳು. ಅಷ್ಟು ಚಿಕ್ಕ ಯಂತ್ರದೊಳಗೆ ಅಷ್ಟು ತುಂಡುಗಳಿರುತ್ತವೆ ಅಂತ ನನಗೆ ಗೊತ್ತಿರಲಿಲ್ಲ. ಒಂದೊಂದನ್ನೂ ತಟ್ಟೆಯಲ್ಲಿ ಸಾಲಾಗಿ ಇಟ್ಟಳು. ಎಣ್ಣೆ ಎಲ್ಲಿಯತನಕ ಇಳಿದಿತ್ತು ಅಂತ ತೋರಿಸಿದಳು. ಉಬ್ಬಿದ ರಬ್ಬರಿನ ಬಳೆಯಂಥ ಒಂದನ್ನು ಚಿಮಟಿಗೆಯಲ್ಲಿ ಹಿಡಿದು, ಅದರ ಪಕ್ಕದಲ್ಲಿ ಹೊಸದನ್ನು ಹಿಡಿದಳು.

"ನೋಡಿ ಅಜ್ಜಿ, ಇದು ನಿಮ್ಮದು. ಇದು ಇರಬೇಕಾದ್ದು."

"ಕಂಡ್ತು."

ಆಮೇಲೆ ಗುಂಯ್ ಅನ್ನುವ ನೀರಿನ ತೊಟ್ಟಿಯಲ್ಲಿ ಲೋಹದ ತುಂಡುಗಳನ್ನು ಇಳಿಬಿಟ್ಟಳು. ನೀರು ತಾನೇ ನಡುಗಿ ಸಂದಿಯ ಕೊಳೆ ಬಿಡಿಸುತ್ತದಂತೆ. ನೋಡನೋಡುತ್ತಿದ್ದಂತೆ ನೀರು ಗುಲಾಬಿ ಬಣ್ಣವಾಯಿತು. ನನ್ನ ಕುಂಕುಮ. ಆ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಓಣಿಯ ನಾಲ್ಕು ಜನ ಹೆಂಗಸರು ಸೇರಿದ್ದರು.

"ಇದೇನ್ರಿ, ಆಪರೇಷನ್ ನೋಡಾಕ ಹತ್ತೀರೇನು?" ಅಂದಳು ಪಕ್ಕದ ಮನೆಯವಳು.

"ಸುಮ್ಕಿರ, ರಬ್ಬರ ಹಾಕಾಕ ಹತ್ತ್ಯಾಳ" ಅಂದಳು ಇನ್ನೊಬ್ಬಳು, ಐದು ನಿಮಿಷದ ಹಿಂದೆ ಬಂದವಳು.

ಒಂದು ತುಂಡು ಜೋಡಿಸುವಾಗ ನಾನು ತಡೆದೆ. "ಯವ್ವಾ, ಆ ಸಣ್ಣ ಸ್ಪ್ರಿಂಗ ತಟ್ಟ್ಯಾಗ ಉಳೀತಲ್ಲ."

ಅವಳು ತಟ್ಟೆ ನೋಡಿದಳು. "ಅದು ಹಳೇದು ಅಜ್ಜಿ. ಹೊಸದು ಹಾಕಿದೀನಿ." ಆಮೇಲೆ, "ಆದ್ರೂ ಕೇಳಿದ್ದು ಒಳ್ಳೇದಾಯ್ತು. ಇನ್ನೊಂದ್ಸಲ ಎಣಿಸ್ತೀನಿ" ಅಂದು ಎಣಿಸಿದಳು.

ಒಂದೂವರೆಗೆ ಮುಗಿಯಿತು. ಗಾಳಿಗೆ ಜೋಡಿಸಿ ಒತ್ತಡ ಅಳೆಯುವ ಮೀಟರಿನ ಮುಳ್ಳು ತೋರಿಸಿದಳು. ಮುಳ್ಳು ಬಂದು ಒಂದು ಕಡೆ ನಿಂತಿತು, ಅಲುಗಲಿಲ್ಲ. ಹಿಂದೆ ಹುಡುಗಿ ಉಸಿರು ಬಿಟ್ಟದ್ದು ನನ್ನ ಕುತ್ತಿಗೆಗೆ ತಾಗಿತು. ಚೀಟಿ ಬರೆದು, ಸಹಿ ಹಾಕಿ, ಡಬ್ಬಿಯನ್ನು ನೇರ ಮುರುಡೇಶ್ವರಕ್ಕೇ ಕಳಿಸುತ್ತೇನೆ ಅಂದಳು. ನನ್ನ ಚೀಟಿಯನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದಾಳಂತೆ. ತೆಗಿ ಅಂದೆ. ತೆಗೆಯುವುದಿಲ್ಲ ಅಂದಳು.

ಈಗ ಯಾರಾದರೂ ನನ್ನನ್ನು ಊರಿನ ಅಂಗಡಿ ಚಲೋನೋ ಕೊರಿಯರಿನಲ್ಲಿ ಕಳಿಸುವುದು ಚಲೋನೋ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ. ತನಗೆ ಏನು ಗೊತ್ತಿಲ್ಲ ಅಂತ ಹೇಳುವವನ ಕಡೆ ಹೋಗಬೇಕು. ಬೆಟಗೇರಿಯವನು ಹೇಳಿದ, ಆದ್ದರಿಂದ ಅವನು ನನ್ನ ರಿಪೇರಿಯವನು. ಪೂಜೆಯ ದಿನ, ನನಗೆ ಗೊತ್ತಿಲ್ಲ ಅಂತ ಹೇಳದಿದ್ದವಳು ನಾನೊಬ್ಬಳೇ.

ಹುಡುಗಿ ಬುಧವಾರ ಹೊರಟಳು. ಬಸ್‌ಸ್ಟ್ಯಾಂಡಿನಲ್ಲಿ, "ಡಬ್ಬಿ ಬರದಿದ್ರ?" ಅಂದಳು.

"ಬರದಿದ್ರ ನಾ ಬಂದು ನಿಮ್ಮ ಪರೀಕ್ಷೆಯವರ ಮುಂದ ಕುಂಡ್ರತೇನಿ."

"ಬ್ಯಾಡ. ಅವರು ಓಡಿ ಹೋಗ್ತಾರ."

ಶುಕ್ರವಾರ ಸಂಜೆ ನಾಲ್ಕಕ್ಕೆ ಡಬ್ಬಿ ಮುಟ್ಟಿತು. ಶನಿವಾರ ನಾನು ಯಾವ ದೇವರಿಗೂ ಹರಕೆ ಹೊರಲಿಲ್ಲ. ನನ್ನ ಪೂಜೆಯಿಂದ ಆದದ್ದು ಸಾಕಾಗಿತ್ತು. ಬೆಳಗಿನಿಂದ ಶೇಂಗಾ ಸುಲಿಯುತ್ತ ಕುಳಿತೆ. ಹನ್ನೆರಡಾಯಿತು, ಒಂದಾಯಿತು. ಸುಲಿದ ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಬುಟ್ಟಿಗೂ ಹಾಕಿದ್ದೆ ಅಂತ ಆಮೇಲೆ ಗೊತ್ತಾಯಿತು.

ಎರಡು ಗಂಟೆಗೆ ಫೋನು ಬಂತು. ದೋಣಿಯ ಸಪ್ಪಳ, ಗಾಳಿಯ ಸಪ್ಪಳ, ಯಾರೋ ಚಪ್ಪಾಳೆ ಹೊಡೆಯುವ ಸಪ್ಪಳ.

"ಅಜ್ಜಿ, ಆತು. ಪಾಸ್."

"ಗಾಳಿ ಸರಿ ಬಂತೇನು?"

"ಮಲಗಿದ ಕೂಸಿನ ಉಸಿರು ಬಂದಂಗ ಬಂತು, ಮೆತ್ತಗ. ಆರು ಮಂದೀನ ನಾ ಒಬ್ಬಾಕೀನ ಕರ್ಕೊಂಡು ಇಳದೆ. ಹಿಂದ ಯಾರೂ ಇರ್ಲಿಲ್ಲ."

"ಮ್ಯಾಲ ಎಷ್ಟು ಮಂದಿ ಬಂದ್ರು?"

"ಆರು."

"ನಿನ್ನ ಕೂಡಿಸಿ?"

"ನನ್ನ ಕೂಡಿಸಿ ಏಳು, ಅಜ್ಜಿ." ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಗಾಳಿಯಲ್ಲಿ ತಿಳಿಯಲಿಲ್ಲ. ನನಗೆ ಅದು ಬೇಕಾಗಿಯೂ ಇರಲಿಲ್ಲ.

"ಹಂಗಾರ ಊಟ ಮಾಡು" ಅಂದು ಫೋನು ಇಟ್ಟೆ. ಆಮೇಲೆ ಹೊರಗೆ ಹೋಗಿ, ಓಣಿಯ ಈ ತುದಿಯಿಂದ ಆ ತುದಿಯತನಕ ಪ್ರತಿ ಬಾಗಿಲಲ್ಲಿ ನಿಂತು, ಏಳು ಮಂದಿ ಅಂತ ಹೇಳಿ ಬಂದೆ. ಏನು ಏಳು ಅಂತ ಕೇಳಿದವರಿಗೆ ಕುಳಿತು ಹೇಳಿದೆ.